ಕಾಯಕವಿಲ್ಲದ ಗಳಿಕೆ ಕೈಯಲ್ಲಿ ನಿಲ್ಲದು



ಮನುಷ್ಯನ ಹಸಿವು ಎರಡು ಬಗೆಯದು. ಒಂದು ಹೊಟ್ಟೆಯ ಹಸಿವು; ಅದು ಎರಡು ರೊಟ್ಟಿಗೆ ತಣಿಯುತ್ತದೆ. ಇನ್ನೊಂದು ಆಸೆಯ ಹಸಿವು. ಅದು ಉಣಬಡಿಸಿದಷ್ಟೂ ಬೆಳೆಯುತ್ತದೆ. ಈ ಎರಡನೆಯ ಹಸಿವನ್ನೇ ಬಂಡವಾಳ ಮಾಡಿಕೊಂಡ ಆಟವೊಂದು ಇಂದು ಯುವಕರ ಅಂಗೈಯ ಮೊಬೈಲಿನೊಳಗೆ ಬಂದು ಕುಳಿತಿದೆ. ರಾಯಚೂರು ನಗರದಲ್ಲಿ, ದೇವದುರ್ಗ ಮತ್ತು ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ತಾಯಂದಿರು ನಮ್ಮ ಮುಂದೆ ತೋಡಿಕೊಳ್ಳುವ ದುಃಖಗಳಲ್ಲಿ ಮೊದಲು ಕುಡಿತವಿತ್ತು. ಈಗ ಅದರ ಪಕ್ಕದಲ್ಲಿ ಈ ಆಟವೂ ನಿಂತಿದೆ. ಬರೀ ಬೈದರೆ ಯುವಕರು ಕೇಳುವುದಿಲ್ಲ. ಆದ್ದರಿಂದ ಆಡುವವನ ಜಾಗದಲ್ಲಿಯೇ ನಿಂತು ಲೆಕ್ಕ ಹಾಕಿ ನೋಡೋಣ.

ಆಟ ಬಹು ಸರಳ. ಪರದೆಯ ಮೇಲೆ ಒಂದು ವಿಮಾನ ಮೇಲೇರುತ್ತದೆ. ಅದರ ಜೊತೆಗೆ ಒಂದು ಅಂಕಿಯೂ ಏರುತ್ತದೆ: ಒಂದು, ಒಂದೂವರೆ, ಎರಡು, ಐದು, ಹತ್ತು. ನೂರು ರೂಪಾಯಿ ಕಟ್ಟಿದವನು ಅಂಕಿ ಎರಡಾದಾಗ ಗುಂಡಿ ಒತ್ತಿದರೆ ಇನ್ನೂರು ಸಿಗುತ್ತದೆ. ಒತ್ತುವ ಮೊದಲೇ ವಿಮಾನ ಮಾಯವಾದರೆ ನೂರೂ ಹೋಯಿತು. ಇಂಥ ಆಟಗಳಲ್ಲಿ ಹೆಸರಾದದ್ದು ಜಾರ್ಜಿಯಾ ದೇಶದ ಸ್ಪ್ರೈಬ್ ಕಂಪನಿ 2019ರಲ್ಲಿ ಹೊರತಂದ ಏವಿಯೇಟರ್. ಕಟ್ಟಿದ ಹಣದಲ್ಲಿ ಸರಾಸರಿ ನೂರಕ್ಕೆ 97 ರೂಪಾಯಿ ಆಟಗಾರರಿಗೆ ಮರಳುತ್ತದೆ ಎಂದು ಆ ಕಂಪನಿಯೇ ಹೇಳುತ್ತದೆ. ಕೇಳಿದವರು, ‘ಮೂರೇ ರೂಪಾಯಿ ತಾನೆ ಕಡಿಮೆ’ ಎಂದು ಹಗುರಾಗಿ ನಗುತ್ತಾರೆ. ಆ ಮೂರು ರೂಪಾಯಿಯಲ್ಲಿಯೇ ಮನೆ ಮುರಿಯುವ ಗುಟ್ಟು ಅಡಗಿದೆ.

ಒಬ್ಬನು ನೂರು ರೂಪಾಯಿಯಂತೆ ಸಾವಿರ ಸುತ್ತು ಆಡಿದನೆಂದು ತಿಳಿಯಿರಿ. ಎರಡರ ಅಂಕಿಗೆ ಕಾಯ್ದರೆ ಸರಾಸರಿ 485 ಸಲ ಗೆದ್ದು 515 ಸಲ ಸೋಲುತ್ತಾನೆ. ನಷ್ಟ 3,000 ರೂಪಾಯಿ. ಹತ್ತರ ಅಂಕಿಗೆ ಕಾಯ್ದರೆ 97 ಸಲ ಗೆದ್ದು 87,300 ಗಳಿಸುತ್ತಾನೆ, 903 ಸಲ ಸೋತು 90,300 ಕಳೆಯುತ್ತಾನೆ. ನಷ್ಟ ಅದೇ 3,000. ಧೈರ್ಯವಂತನಿಗೂ ಅಂಜುಬುರುಕನಿಗೂ ಒಂದೇ ಕಂದಾಯ. ನಿಮಿಷಕ್ಕೆ ಎರಡು ಸುತ್ತು ಎಂದರೂ ಗಂಟೆಗೆ 120 ಸುತ್ತು, ಕಟ್ಟುವ ಹಣ 12,000, ಸರಾಸರಿ ನಷ್ಟ 360 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬಿಸಿಲಿನಲ್ಲಿ ಮಣ್ಣು ಹೊತ್ತ ತಾಯಿಯ ಒಂದು ದಿನದ ಬೆವರನ್ನು ಮಗನು ಒಂದು ಗಂಟೆಯಲ್ಲಿ, ಕುಳಿತಲ್ಲಿಯೇ, ಗಾಳಿಗೆ ತೂರಿದಂತಾಯಿತು.

‘ಸೋತಾಗ ಎರಡರಷ್ಟು ಕಟ್ಟಿದರೆ ಹೋದದ್ದೆಲ್ಲ ಮರಳುತ್ತದೆ’ ಎಂಬ ಜಾಣತನವೂ ಯುವಕರಲ್ಲಿ ಹಬ್ಬಿದೆ. ಹತ್ತು ರೂಪಾಯಿಯಿಂದ ಆರಂಭಿಸಿ ಸತತ ಹತ್ತು ಸಲ ಸೋತರೆ ಹೋಗುವುದು 10,230 ರೂಪಾಯಿ. ಎರಡರ ಅಂಕಿಗೆ ಕಾಯುವವನಿಗೆ ಇಂಥ ಗಂಡಾಂತರ ಸುಮಾರು 760 ಸರಣಿಗೊಮ್ಮೆ ಎದುರಾಗುತ್ತದೆ. ಅಷ್ಟೂ ಸರಣಿಗಳಲ್ಲಿ ಗಳಿಸಿದ ಹತ್ತು ಹತ್ತು ರೂಪಾಯಿ ಕೂಡಿಸಿದರೂ 7,600 ದಾಟುವುದಿಲ್ಲ. ದಿನಕ್ಕೆ ಎರಡು ಗಂಟೆ ಆಡುವವನಿಗೆ ಆ ಗಳಿಗೆ ಸರಾಸರಿ ವಾರಕ್ಕೊಮ್ಮೆ ಬಂದೇ ಬರುತ್ತದೆ. ಇನ್ನು, ‘ನಾಲ್ಕು ಸಲ ಬೇಗ ಬಿತ್ತು, ಐದನೆಯದು ಎತ್ತರಕ್ಕೆ ಹಾರಲೇಬೇಕು’ ಎನ್ನುವುದು ಭ್ರಮೆ. ಪ್ರತಿ ಸುತ್ತೂ ಹೊಸದು. ಹಿಂದಿನದರ ನೆನಪು ಅದಕ್ಕಿಲ್ಲ. ವಿಮಾನ ಎಲ್ಲಿ ಬೀಳುತ್ತದೆಂದು ಮೊದಲೇ ಹೇಳುತ್ತೇವೆಂದು ಆಪ್ ಮಾರುವವರು ಶುದ್ಧ ಮೋಸಗಾರರು.

ಇಷ್ಟೂ ಲೆಕ್ಕ ಆಟ ಪ್ರಾಮಾಣಿಕವಾಗಿದ್ದರೆ ಮಾತ್ರ. ಟೆಲಿಗ್ರಾಂ, ವಾಟ್ಸಾಪಿನಲ್ಲಿ ಏಜೆಂಟನೊಬ್ಬ ಕಳಿಸುವ ತಾಣದಲ್ಲಿ ಆ ಪ್ರಾಮಾಣಿಕತೆಗೂ ಸಾಕ್ಷಿಯಿಲ್ಲ. ಅಲ್ಲಿ ಹಣ ಹಾಕುವುದು ಕ್ಷಣದ ಕೆಲಸ. ತೆಗೆಯುವಾಗ ನೂರೆಂಟು ತಕರಾರು. ಬೋನಸ್ ಎಂದು ಕೊಟ್ಟ ಹಣವನ್ನು ಹಲವು ಪಟ್ಟು ಆಡಿ ಮುಗಿಸುವ ತನಕ ಮುಟ್ಟುವಂತಿಲ್ಲ. ಹಣ ಸೇರುವುದೂ ಯಾವನೋ ಬಡವನಿಂದ ಬಾಡಿಗೆಗೆ ಪಡೆದ ಖಾತೆಗೆ. ಮಕ್ಕಳೇ, ಎರಡು ಸಾವಿರದ ಆಸೆಗೆ ನಿಮ್ಮ ಪಾಸ್‌ಬುಕ್ಕು, ಸಿಮ್ಮು ಯಾರಿಗೂ ಕೊಡಬೇಡಿ. ನಾಳೆ ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯ ಒಡೆಯನನ್ನೇ.

ಈ ರೋಗ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಹಿರಿಯರಿಗೆ ಓಸಿ ಚೀಟಿ ಗೊತ್ತು. ಓಸಿ ಎಂದರೆ ಓಪನಿಂಗ್, ಕ್ಲೋಸಿಂಗ್. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದಾಗ ಆ ಅಂಕಿಗಳ ಮೇಲೆ ಜೂಜು ಕಟ್ಟುತ್ತಿದ್ದರು. 1960ರ ದಶಕದಲ್ಲಿ ಅದೇ ಮಡಕೆಯಿಂದ ಅಂಕಿ ಎತ್ತುವ ಮಟ್ಕಾ ಆಯಿತು. ಯೋಚಿಸಿ ನೋಡಿ: ರಾಜೇಂದ್ರ ಗಂಜಿಗೆ ಹತ್ತಿ ತಂದು ಸುರಿಯುವ ರೈತ ಬೆಳೆದದ್ದು ಅರಳೆ, ಆ ಅರಳೆಯ ದರವನ್ನು ಹಿಡಿದು ಏನೂ ಬೆಳೆಯದವನು ಕಟ್ಟಿದ್ದು ಜೂಜು. ಆದರೂ ಓಸಿಗೆ ಚೀಟಿ ಬರೆಯುವವನ ಬಳಿ ಹೋಗಬೇಕಿತ್ತು, ಊರವರ ಕಣ್ಣಿಗೆ ಅಂಜಬೇಕಿತ್ತು. ಮೊಬೈಲಿನ ಆಟಕ್ಕೆ ಆ ಅಂಜಿಕೆಯೂ ಇಲ್ಲ. ರಾತ್ರಿ ಎರಡಕ್ಕೆ ಹೊದಿಕೆಯೊಳಗೆ ನಡೆಯುತ್ತದೆ.

‘ಬುದ್ಧೀ, ಬೇಸಾಯವೂ ಜೂಜೇ ಅಲ್ಲವೇ?’ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ದೇವದುರ್ಗದ ಮಳೆಯಾಶ್ರಿತ ಹೊಲದಲ್ಲಿ ತೊಗರಿ, ಹತ್ತಿ ಬಿತ್ತಿದವನೂ, ಮಾನ್ವಿಯ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನೀರಿಗಾಗಿ ಕಾಯುವ ಭತ್ತದ ರೈತನೂ ದೊಡ್ಡ ಅಪಾಯವನ್ನೇ ತಲೆಯ ಮೇಲೆ ಹೊತ್ತಿದ್ದಾರೆ. ಆದರೆ ದರ ಬಿದ್ದರೂ ಅವನು ಬೆಳೆದ ಕಾಳು ಯಾರದೋ ಹೊಟ್ಟೆ ತುಂಬಿಸುತ್ತದೆ. ಹತ್ತಿ ಯಾರದೋ ಮೈ ಮುಚ್ಚುತ್ತದೆ. ವಿಮಾನದಾಟದಲ್ಲಿ ಒಂದು ಕಾಳೂ ಹುಟ್ಟುವುದಿಲ್ಲ. ಒಬ್ಬನ ಕಣ್ಣೀರು ಇನ್ನೊಬ್ಬನ ಗೆಲುವಾಗುತ್ತದೆ, ನಡುವೆ ಆಡಿಸುವವನು ತನ್ನ ಪಾಲು ಮುರಿದುಕೊಳ್ಳುತ್ತಾನೆ. ಕಾಯಕಕ್ಕೂ ಜೂಜಿಗೂ ಇರುವ ಅಂತರ ಇದು.

ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಶರಣ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ತಿರುಗಿ ಕಳಿಸಿದಳೆಂದು ಶರಣ ಚರಿತ್ರೆ ಹೇಳುತ್ತದೆ. ಬಡತನದಲ್ಲಿದ್ದೂ ಸಾಕು ಎನ್ನುವ ಶಕ್ತಿ ಆ ತಾಯಿಗಿತ್ತು. ಈ ಆಟದಲ್ಲಿ ಗೆದ್ದವನಿಗೂ ಆ ಒಂದು ಶಬ್ದ ಬಾಯಿಗೆ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾಗಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡುವವನಿಗೆ ಶಿಕ್ಷೆಯಿಲ್ಲ. ಇದನ್ನು ನಾವು ಸರಿಯೆಂದೇ ತಿಳಿಯುತ್ತೇವೆ. ಬಿದ್ದವನಿಗೆ ಬೇಕಾದದ್ದು ಕೈ, ಲಾಠಿಯಲ್ಲ. ಆದರೆ ವಿದೇಶದಲ್ಲಿ ಕುಳಿತ ತಾಣಗಳು ಹೆಸರು ಬದಲಿಸಿಕೊಂಡು ಮತ್ತೆ ಬರುತ್ತವೆ. ಮನೆಯ ಕಾವಲನ್ನು ದೆಹಲಿಯೊಂದೇ ಮಾಡಲಾರದು.

ಹಿರಿಯರಿಗೆ ನಮ್ಮ ಮಾತಿಷ್ಟು. ಮಗನ ಸಾಲವನ್ನು ಊರಿಗೆ ಅಂಜಿ ಗುಟ್ಟಾಗಿ ತೀರಿಸಬೇಡಿ. ಅದು ಮರುದಿನದ ಆಟಕ್ಕೆ ಬಂಡವಾಳವಾಗುತ್ತದೆ. ಅವನನ್ನು ಹತ್ತಿರ ಕೂಡಿಸಿಕೊಂಡು ಎಲ್ಲ ಸಾಲವನ್ನೂ ಒಂದೇ ಹಾಳೆಯ ಮೇಲೆ ಬರೆಸಿ. ಕೆಲವು ಕಾಲ ಹಣದ ವ್ಯವಹಾರ ತಾಯಿಯ ಅಥವಾ ಹೆಂಡತಿಯ ಕೈಯಲ್ಲಿರಲಿ. ಬೆಂಗಳೂರಿಗೆ ಗುಳೆ ಹೋದ ಮಕ್ಕಳಿಗೆ ದುಡ್ಡು ಕಳಿಸಿದೆಯಾ ಎಂದಷ್ಟೇ ಕೇಳದೆ, ಉಂಡೆಯಾ, ನಿದ್ದೆ ಬಂತೇ ಎಂದೂ ಕೇಳಿ. ಇದು ಮನಸ್ಸಿನ ರೋಗವೂ ಹೌದು. ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು, 14416ಕ್ಕೆ ಉಚಿತವಾಗಿ ಕರೆ ಮಾಡಲು ನಾಚಬೇಕಿಲ್ಲ. ಹಣ ವಂಚನೆಯಾಗಿದ್ದರೆ 1930ಕ್ಕೆ ತಿಳಿಸಿ. ಹಾಗೆಯೇ ಹಬ್ಬದ ಹೆಸರಿನಲ್ಲಿ ದುಡ್ಡಿಟ್ಟು ಇಸ್ಪೀಟು ಆಡುವ ತಂದೆಯ ಬುದ್ಧಿವಾದ ಮಗನ ಕಿವಿಗೆ ಹೋಗುವುದಿಲ್ಲವೆಂಬುದನ್ನೂ ಮರೆಯಬೇಡಿ.

ಯುವಕರೇ, ಕಳೆದುದನ್ನು ಅಲ್ಲಿಯೇ ಹುಡುಕಲು ಹೋಗಬೇಡಿ. ಹೋದದ್ದು ಹೋಯಿತು, ಉಳಿದ ಮಾನ, ಉಳಿದ ಆಯುಷ್ಯ, ಉಳಿದ ಎರಡು ಕೈ ನಿಮ್ಮವೇ. ಯಾರಿಗೂ ಹೇಳಲಾರದೆ ಪ್ರಾಣಕ್ಕೆ ಎರವಾಗುವ ವಿಚಾರ ಮನಸ್ಸಿಗೆ ಬಂದರೆ ಆ ಕ್ಷಣವೇ ತಾಯಿಯ ಬಳಿಗೆ ಹೋಗಿ, ಇಲ್ಲವೆ ಮಠಕ್ಕೆ ಬನ್ನಿ. ಬಾಗಿಲು ಹಾಕಿರುವುದಿಲ್ಲ. ಸಾಲ ಎಷ್ಟೆಂದು ಕೇಳುವ ಮೊದಲು ಪ್ರಸಾದವಾಯಿತೇ ಎಂದು ಕೇಳುತ್ತೇವೆ. ದುಡಿದು ಉಣ್ಣುವ, ಉಂಡದ್ದರಲ್ಲಿ ಹಂಚುವ ಬುದ್ಧಿಯನ್ನು ಭಗವಂತನು ನಮ್ಮ ಮಕ್ಕಳಿಗೆ ಕರುಣಿಸಲಿ.