ನಮ್ಮ ಆ್ಯನಿವರ್ಸರಿ, ಅವರ ಆರತಕ್ಷತೆ

ರಾತ್ರಿ ಹತ್ತೂಮುಕ್ಕಾಲು. ಬಿಡದಿ ಹತ್ತಿರದ ಒಂದು ರೆಸಾರ್ಟು, ಎರಡನೇ ಮಹಡಿಯ ಕೋಣೆ. ಹಾಸಿಗೆ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಎರಡು ಟವೆಲ್, ಸುತ್ತ ಗುಲಾಬಿ ಎಸಳು. ಕೆಳಗಿನ ಲಾನ್‌ನಲ್ಲಿ ಯಾರದೋ ಆರತಕ್ಷತೆ. ಡಿಜೆ ಹೊಡೆತಕ್ಕೆ ಕಿಟಕಿ ಗಾಜು ಗಡಗಡ ಅಂತಿತ್ತು. ನನ್ನ ಗಂಡ ಏನೋ ಹೇಳಿದ. "ಏನು?" ಅಂದೆ. ಮತ್ತೆ ಹೇಳಿದ. ಕೇಳಿಸಲಿಲ್ಲ. "ಏನಿಲ್ಲ ಬಿಡು" ಅಂತ ಆ ಕಡೆ ತಿರುಗಿ ಮಲಗಿಬಿಟ್ಟ.

ಅವನು ಏನು ಹೇಳೋಕೆ ಹೊರಟಿದ್ದ ಅಂತ ನನಗೆ ಗೊತ್ತಾಗಿದ್ದು ಎಂಟು ತಿಂಗಳ ಮೇಲೆ.

ಅದು ಕಳೆದ ನವೆಂಬರ್, ನಮ್ಮ ನಾಲ್ಕನೇ ವರ್ಷದ ಆ್ಯನಿವರ್ಸರಿ. ಇಬ್ಬರೂ ಸಾಫ್ಟ್‌ವೇರ್ ಕೆಲಸದವರೇ. ನನ್ನದು ಬೆಳಗಿನ ಪಾಳಿ. ಅವನದು ಅಮೆರಿಕದ ಕ್ಲೈಂಟ್ ಸಪೋರ್ಟ್: ಸಂಜೆ ಆರೂವರೆಗೆ ಲಾಗಿನ್ ಆದರೆ ಬೆಳಗಿನ ಜಾವ ಮೂರೂವರೆಗೆ ಲಾಗೌಟ್. ನಾನು ಏಳುವಾಗ ಅವನಿಗೆ ಗಾಢ ನಿದ್ದೆ, ನಾನು ಆಫೀಸಿಂದ ಬರುವಾಗ ಅವನು ಹೆಡ್‌ಸೆಟ್ ಹಾಕ್ಕೊಂಡು ಕೂತಿರುತ್ತಾನೆ. ನಮ್ಮ ವಾಟ್ಸಾಪ್ ತೆಗೆದು ನೋಡಿದರೆ ಗಂಡ ಹೆಂಡತಿ ಅಂತ ಯಾರೂ ಹೇಳಲ್ಲ, ಪಿಜಿಯ ರೂಮ್‌ಮೇಟ್‌ಗಳು ಅಂದ್ಕೋತಾರೆ. "ಹಾಲು ಇದೆ." "ಗ್ಯಾಸ್ ಬುಕ್ ಮಾಡು." "ಕುಕ್ಕರ್‌ನಲ್ಲಿ ಅನ್ನ ಇದೆ."

ಹಾಗಾಗಿ ಈ ಸಲ ಎಲ್ಲಾದ್ರೂ ಹೋಗಲೇಬೇಕು ಅಂತ ನಾನೇ ಹಟ ಹಿಡಿದೆ. ಆರಿಸಿದ್ದು ವಂಡರ್‌ಲಾ. ನಾವು ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದೇ ಹಳೇ ಕಂಪನಿಯ ಟೀಮ್ ಔಟಿಂಗ್‌ನಲ್ಲಿ, ಅಲ್ಲಿನ ಒಂದು ರೈಡ್‌ನ ಕ್ಯೂನಲ್ಲಿ ನಿಂತಾಗ. ದಿನವಿಡೀ ಪಾರ್ಕ್, ರಾತ್ರಿ ಹತ್ತಿರದಲ್ಲೇ ಒಂದು ರೆಸಾರ್ಟ್. ಎಕ್ಸೆಲ್ ಶೀಟ್ ಮಾಡಿದೆ. 4.4 ಸ್ಟಾರ್, ಈಜುಕೊಳದ ಫೋಟೋ, "ಕಪಲ್ ಪ್ಯಾಕೇಜ್", ಕೇಕ್ ಫ್ರೀ. ಇನ್ನೇನು ಬೇಕು?

ಬೇಕಾಗಿದ್ದು ಒಂದು ಫೋನ್ ಕಾಲ್. ಅದನ್ನೇ ನಾನು ಮಾಡಿರಲಿಲ್ಲ.

ತಪ್ಪು ಎಲ್ಲಾಯ್ತು ಅಂತ ಆಮೇಲೆ ಕೂತು ಯೋಚಿಸಿದಾಗ ನಗು ಬಂತು. ನಮ್ಮ ಮದುವೆ ಒಳ್ಳೇ ಮುಹೂರ್ತ ನೋಡಿ ಕಾರ್ತಿಕದಲ್ಲಿ ಮಾಡಿದ್ದು. ಅಂದಮೇಲೆ ಪ್ರತಿ ವರ್ಷ ನಮ್ಮ ಆ್ಯನಿವರ್ಸರಿ ಹೊತ್ತಿಗೆ ಬೇರೆ ಯಾರಿಗೋ ಒಳ್ಳೇ ಮುಹೂರ್ತ ಇದ್ದೇ ಇರುತ್ತೆ! ಬೆಂಗಳೂರು–ಮೈಸೂರು ರಸ್ತೆಯ ಎಷ್ಟೋ ರೆಸಾರ್ಟ್‌ಗಳ ಲಾನ್ ಮದುವೆಗೆ ಬಾಡಿಗೆಗೆ ಸಿಗುತ್ತೆ. ಕೋಣೆಯ ಫೋಟೋದಲ್ಲಿ ಹಸಿರಾಗಿ ಕಾಣುವ ಆ ಲಾನ್ ಯಾತಕ್ಕೆ ಅಷ್ಟು ದೊಡ್ಡದಿದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. ರಿಸೆಪ್ಷನ್‌ಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಮದುವೆ ಮನೆಯವರು ಮೇಡಂ, ಹೆಂಗೆ ಹೇಳೋದು?" ಅಂದ ಆ ಹುಡುಗ. ಅವನ ಪಾಡೂ ಪಾಪ ಪಾಡೇ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೊದಲ ದಿನವೇ ಪಾರ್ಕ್ ಇಟ್ಟಿದ್ದೆ. ಶನಿವಾರ, ಎಲ್ಲಿ ನೋಡಿದರೂ ಕ್ಯೂ. ಸಂಜೆ ಒದ್ದೆ ಕೂದಲು, ನೋಯುವ ಕಾಲು, ಬ್ಯಾಗ್‌ನಲ್ಲಿ ಹಸಿ ಬಟ್ಟೆ. ಊಟ ಮುಗಿಸಿ ಚೆಕ್‌ಇನ್ ಆಗುವಾಗ ಎಂಟೂವರೆ. ಮರುದಿನ ಹನ್ನೊಂದಕ್ಕೆ ಚೆಕ್‌ಔಟ್. ಮಧ್ಯಾಹ್ನ ಒಂದರಿಂದಲೇ ಸಿಗಬಹುದಾಗಿದ್ದ ಕೋಣೆಗೆ ಪೂರ್ತಿ ದುಡ್ಡು ಕೊಟ್ಟು, ಅದರಲ್ಲಿ ಎಚ್ಚರವಾಗಿ ನೆಮ್ಮದಿಯಾಗಿ ಕೂತಿದ್ದು ಒಂದು ಗಂಟೆಯೂ ಇಲ್ಲ. ಬೆಳಗ್ಗೆ ಕಾರಿನಲ್ಲಿ ಅವನು ಹೇಳಿದ್ದು ಇಷ್ಟೇ: "ಮನೇಲೇ ಇದ್ದಿದ್ರೆ ಇಬ್ರೂ ನಿದ್ದೆನಾದ್ರೂ ಮಾಡಬಹುದಿತ್ತು." ಕೆಂಗೇರಿವರೆಗೆ ಇಬ್ಬರೂ ಮಾತಾಡಲಿಲ್ಲ.

ಈ ಆಷಾಢದಲ್ಲಿ ಮತ್ತೆ ಹೋದ್ವಿ. ಅತ್ತೆ ಫೋನ್‌ನಲ್ಲಿ ಗಾಬರಿ: "ಆಷಾಢದಲ್ಲಿ ಎಲ್ಲಿಗಮ್ಮ ಹೊರಟ್ರಿ?" "ಆಷಾಢ ಅಂತಲೇ ಹೊರಟಿದ್ದು ಅತ್ತೆ" ಅಂದೆ. ಆಷಾಢದಲ್ಲಿ ಮದುವೆ ಇಲ್ಲ, ಲಾನ್ ಖಾಲಿ. ಧನುರ್ಮಾಸವೂ ಹಾಗೇ, ಆದರೆ ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಬಸ್ಸುಗಳು ಪಾರ್ಕ್ ತುಂಬಾ. ಮಳೆಗಾಲದಲ್ಲಿ ಪಾರ್ಕ್ ಹೆಂಗಿರುತ್ತೆ ಅಂತೀರಾ? ಬಿಡದಿ ಕಡೆ ಮಲೆನಾಡಿನ ಹಾಗೆ ಸುರಿಯಲ್ಲ, ಹನಿ ಹನಿ ಅಷ್ಟೇ. ಜೋರು ಬಂದರೆ ಕೆಲವು ರೈಡ್ ನಿಲ್ಲಿಸ್ತಾರೆ. ಹೇಗಿದ್ದರೂ ನೀರಾಟಕ್ಕೆ ಬಂದವರು ನೆನೆಯೋಕೆ ಹೆದರಬೇಕಾ?

ಹೋಗುವ ಮೊದಲು ಈ ಸಲ ನಾನು ಎಕ್ಸೆಲ್ ತೆಗೆಯಲಿಲ್ಲ. ಅವನನ್ನೇ ಕೇಳಿದೆ: "ನಿನಗೆ ರೆಸ್ಟ್ ಅಂದ್ರೆ ಏನೋ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಕತ್ತಲೆ. ಫ್ಯಾನ್ ಸದ್ದು. ಯಾರೂ ಬಾಗಿಲು ತಟ್ಟಬಾರದು." ನನಗೆ ರೆಸ್ಟ್ ಅಂದರೆ ಹೊರಗೆ ಕೂತು ಕಾಫಿ, ಎದುರಿಗೆ ಒಂದಿಷ್ಟು ಮರ. ಎರಡರಲ್ಲೂ ಈಜುಕೊಳ ಇಲ್ಲ, ಕೇಕ್ ಇಲ್ಲ, ಟವೆಲ್ ಹಂಸವೂ ಇಲ್ಲ. ಅಲ್ಲಿಗೆ ನಮ್ಮ ಲಿಸ್ಟ್ ಅರ್ಧಕ್ಕರ್ಧ ಸಣ್ಣದಾಯ್ತು, ಬಜೆಟ್ಟೂ ಇಳೀತು.

ಆಮೇಲೆ ಫೋನ್. ಆ್ಯಪ್‌ನಲ್ಲಿ ಬುಕ್ ಮಾಡಿದರೂ ಸರಿ, ಮೊದಲು ನೇರವಾಗಿ ಹೋಟೆಲ್‌ಗೇ ಫೋನ್ ಮಾಡಿ. ನಾನು ಕೇಳಿದ್ದು ಇವು:

ಒಂದು, ಆ ದಿನ ಮದುವೆ, ಆರತಕ್ಷತೆ, ಕಂಪನಿ ಔಟಿಂಗ್ ಏನಾದ್ರೂ ಬುಕ್ ಆಗಿದೆಯಾ? "ಏನೂ ತೊಂದರೆ ಇಲ್ಲ ಮೇಡಂ" ಅನ್ನೋದು ಉತ್ತರ ಅಲ್ಲ. "ಇಲ್ಲ" ಅನ್ನಬೇಕು. ನಾವೂ ಔಟಿಂಗ್ ಹೋದಾಗ ಈಜುಕೊಳದ ಹತ್ತಿರ ಎಷ್ಟು ಗಲಾಟೆ ಮಾಡ್ತೀವಿ ಅನ್ನೋದು ನೆನಪಿದೆ ತಾನೇ?

ಎರಡು, ಕೋಣೆ ಯಾವ ಕಡೆಗಿದೆ? ಹೆದ್ದಾರಿಯಿಂದ ದೂರ ಇದ್ದರೆ ಸಾಕು ಅಂದ್ಕೊಂಡಿದ್ದೆ. ಲೆಕ್ಕ ಹಾಕಿದರೆ ಹಾಗಿಲ್ಲ. ಒಂದೇ ಕಡೆ ಇಟ್ಟ ಸ್ಪೀಕರ್‌ನ ಸದ್ದು ಬಯಲಲ್ಲಿ ದೂರ ದುಪ್ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತೆ. ಆದರೆ ಉದ್ದಕ್ಕೂ ಗಾಡಿ ಹರಿಯುವ ಹೆದ್ದಾರಿಯ ಸದ್ದು ಇಳಿಯೋದು ಸುಮಾರು 3 ಡೆಸಿಬಲ್ ಮಾತ್ರ. ನೂರು ಮೀಟರ್ ದೂರದ ಹೋಟೆಲ್ ಬಿಟ್ಟು ಇನ್ನೂರು ಮೀಟರಿಗೆ ಹೋದರೆ ದೊಡ್ಡ ಲಾಭ ಇಲ್ಲ. ರಸ್ತೆಗೂ ಕೋಣೆಗೂ ನಡುವೆ ಒಂದು ಕಟ್ಟಡ ಅಡ್ಡ ಇದ್ದರೆ ಲಾಭ. ಹಿಂಬದಿಯ ಕೋಣೆ ಕೇಳಿ. ಅಡುಗೆಮನೆ, ಜನರೇಟರ್ ಪಕ್ಕದ್ದು ಬೇಡ ಅಂತಲೂ ಹೇಳಿ.

ಮೂರು, ಬೆಂಗಳೂರು ವಿಳಾಸದ ಆಧಾರ್ ನಡೆಯುತ್ತಾ? ಕೆಲವು ಕಡೆ ಅದೇ ಊರಿನ ಐಡಿ ಇದ್ದವರಿಗೆ ಕೋಣೆ ಕೊಡಲ್ಲ. ರಾತ್ರಿ ಕೌಂಟರ್ ಮುಂದೆ ನಿಂತು ತಿಳಿಯೋದಕ್ಕಿಂತ ಮೊದಲೇ ಕೇಳೋದು ವಾಸಿ. ಇಬ್ಬರ ಐಡಿಯೂ ಜೊತೆಗಿರಲಿ.

ನಾಲ್ಕು, ತೆರಿಗೆ ಸೇರಿ ಎಷ್ಟು? 2025ರ ಸೆಪ್ಟೆಂಬರ್‌ನಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ಅಂದರೆ 7,400ರ ಕೋಣೆ ಕೈಗೆ ಬರುವಾಗ 7,770. 7,600ರ ಕೋಣೆ 8,968. ಇನ್ನೂರು ರೂಪಾಯಿ ಹೆಚ್ಚಿನ ಕೋಣೆಗೆ ನೀವು ಕೊಡೋದು 1,198 ರೂಪಾಯಿ ಜಾಸ್ತಿ!

ಜಾಗದ ವಿಷಯ. ಪಾರ್ಕಿಗೆ ಅಂಟಿಕೊಂಡೇ ವಂಡರ್‌ಲಾದವರದ್ದೇ ರೆಸಾರ್ಟ್ ಇದೆ. ಮಕ್ಕಳಿರುವವರಿಗೆ, ಮತ್ತೆ ಗಾಡಿ ಹತ್ತೋದೇ ಬೇಡ ಅನ್ನುವವರಿಗೆ ಅನುಕೂಲ. ಬೇರೆ ಕಡೆ ನೋಡುವುದಾದರೆ, ವಾರಾಂತ್ಯದ ಸಂಜೆ ಗಾಡಿಗಳೆಲ್ಲ ಬೆಂಗಳೂರಿನ ಕಡೆಗೇ ನುಗ್ಗುತ್ತವೆ ಅನ್ನೋದು ನೆನಪಿರಲಿ. ಅದಕ್ಕೆ ಎದುರು ದಿಕ್ಕಿನಲ್ಲಿ, ರಾಮನಗರದ ಕಡೆ ಹುಡುಕಿ. ಕಿಲೋಮೀಟರ್ ಹೆಚ್ಚಾದರೂ ತಲೆನೋವು ಕಡಿಮೆ. ಆದರೆ ಮ್ಯಾಪ್‌ನಲ್ಲಿ ಬರೀ ದೂರ ನೋಡಬೇಡಿ, ದಾರಿ ನೋಡಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಆರು ಪಥದಿಂದ ಬೇಕಾದಲ್ಲಿ ಇಳಿಯೋಕೆ ಆಗಲ್ಲ. ಎದುರಿಗೇ ಕಾಣುವ ಹೋಟೆಲ್‌ಗೆ ಮುಂದೆ ಎಲ್ಲೋ ಇಳಿದು, ಸರ್ವಿಸ್ ರಸ್ತೆಯಲ್ಲಿ ವಾಪಸ್ ಬರಬೇಕಾಗಬಹುದು. ಬೈಕ್‌ನಲ್ಲಿ ಹೋಗುವವರಿಗೆ 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ, ಪೂರ್ತಿ ಸರ್ವಿಸ್ ರಸ್ತೆಯೇ. ಸಮಯ ಹಾಗೆ ಲೆಕ್ಕ ಹಾಕ್ಕೊಳ್ಳಿ.

ಕೊನೆಗೆ, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು: ಕ್ರಮ ತಿರುಗಿಸಿದ್ವಿ. ಮಂಗಳವಾರ ಮಧ್ಯಾಹ್ನ ಒಂದಕ್ಕೆ ಚೆಕ್‌ಇನ್, ಬುಧವಾರ ಪಾರ್ಕ್. ಪಾರ್ಕ್ ಸಾಮಾನ್ಯವಾಗಿ ತೆರೆಯೋದೇ ಬೆಳಗ್ಗೆ 11ಕ್ಕೆ, ನಮ್ಮ ಚೆಕ್‌ಔಟ್ ಕೂಡ 11. ಎರಡೂ ಹೇಳಿ ಮಾಡಿಸಿದ ಹಾಗೆ ಕೂಡಿಬಂತು. ದಣಿದು ಹೋಟೆಲ್‌ಗೆ ಬರೋ ಬದಲು, ದಣಿವಾರಿಸಿಕೊಂಡು ಪಾರ್ಕಿಗೆ ಹೋಗೋದು.

ಮಂಗಳವಾರ ಅವನು ಊಟ ಮಾಡಿ ಮಲಗಿದವನು ಎದ್ದಿದ್ದು ಸಂಜೆ ಆರಕ್ಕೆ. ನಾನು ಎಬ್ಬಿಸಲಿಲ್ಲ. ಹೊರಗೆ ಜಗಲಿಯಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಸಣ್ಣಗೆ ಮಳೆ, ದೂರದಲ್ಲಿ ರಾಮನಗರದ ಬಂಡೆಗುಡ್ಡಗಳು. ಅವನು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಕಾಫಿ ಬಂತು. ಅರ್ಧ ಗಂಟೆ ಇಬ್ಬರೂ ಏನೂ ಮಾತಾಡಲಿಲ್ಲ. ಆಮೇಲೆ ಅವನು ಲೋಟ ಕೆಳಗಿಟ್ಟು ಹೇಳಿದ:

"ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿಪಿ ಜಾಸ್ತಿ ಬಂದಿದೆ ಕಣೆ. ಡಾಕ್ಟರ್ ಮತ್ತೆ ಬಂದು ತೋರಿಸಿ ಅಂದ್ರು. ನಾನು ಹೋಗಿಲ್ಲ. ನನಗೆ ಈ ನೈಟ್ ಶಿಫ್ಟ್ ಇನ್ನು ಆಗಲ್ಲ ಅನ್ಸುತ್ತೆ."

"ಯಾವಾಗ ಬಂದಿದ್ದು?"

"ಅಕ್ಟೋಬರ್‌ನಲ್ಲಿ."

ಎದೆ ಧಸಕ್ ಅಂತು. ಅವನಿಗಿನ್ನೂ ಮೂವತ್ತೆರಡು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನವೆಂಬರ್‌ನಲ್ಲಿ ಇಲ್ಲಿಗೆ ಬಂದಾಗ ಹೇಳೋಣ ಅಂತಲೇ ಇದ್ದೆ. ಅವತ್ತು ಸೌಂಡ್ ಜಾಸ್ತಿ ಇತ್ತು."

ಅವನು ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ, ಇಬ್ಬರಿಗೂ ನಗು ಬಂತು. ನನಗೆ ಅದರ ಜೊತೆಗೆ ಅಳುವೂ ಬಂತು. ಡಿಜೆ ಮೇಲೆ ಪೂರ್ತಿ ಹೊರೆ ಹಾಕೋಕೆ ಮನಸ್ಸು ಬರಲಿಲ್ಲ. ಅವತ್ತು ನಾನು ಮಾಡಿದ್ದ ಪ್ಲ್ಯಾನ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಸುಮ್ಮನೆ ಕೂರೋದಕ್ಕೆ ಒಂದು ಗಂಟೆಯೂ ಇರಲಿಲ್ಲ. ಅವನಿಗಾದರೂ ಯಾವಾಗ ಹೇಳೋಕೆ ಆಗುತ್ತಿತ್ತು?

ಆ ರಾತ್ರಿ ಫೋನ್‌ನ ಕ್ಯಾಲ್ಕುಲೇಟರ್ ತೆಗೆದು ಕೂತ್ವಿ. ಶಿಫ್ಟ್ ಅಲೋಯನ್ಸ್ ಹೋದರೆ ತಿಂಗಳಿಗೆ ಎಷ್ಟು ಕಡಿಮೆ, ಮನೆ ಇಎಂಐ ಎಷ್ಟು, ಎಲ್ಲಿ ಕೈ ಬಿಗಿ ಮಾಡಬಹುದು. ಕಷ್ಟ ಇದೆ, ಆದರೆ ಆಗದೇ ಇರುವಂಥದ್ದಲ್ಲ. ಹತ್ತು ಗಂಟೆಗೆ ದೀಪ ಆರಿಸಿದಾಗ ಕೇಳಿಸಿದ್ದು ಫ್ಯಾನ್ ಸದ್ದು, ಹೊರಗೆ ಕಪ್ಪೆಗಳು.

ಬೆಳಗ್ಗೆ ಬಿಡದಿಯಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ಮುಂದೆ ಬಂದಾಗ ಅವನೇ ಬೆಣ್ಣೆ ಪಕ್ಕಕ್ಕೆ ಸರಿಸಿದ. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಪಾರ್ಕಿನಲ್ಲಿ ಕ್ಯೂ ಅಷ್ಟಾಗಿ ಇರಲಿಲ್ಲ. ದೊಡ್ಡ ರೈಡ್‌ಗಳ ಮುಂದೆ ಬಿಪಿ ಇರುವವರು ಹತ್ತಬಾರದು ಅನ್ನೋ ಬೋರ್ಡ್ ಓದಿ, ಇಬ್ಬರೂ ನೀರಿನ ಕಡೆ ಹೋಗಿ ಮೂರೂವರೆವರೆಗೆ ಆರಾಮಾಗಿ ಆಡಿದ್ವಿ.

ಅದರ ಮುಂದಿನ ವಾರ ಡಾಕ್ಟರ್ ಹತ್ತಿರ ಹೋಗಿ ಬಂದಾಯ್ತು, ಮಾತ್ರೆ ಶುರುವಾಗಿದೆ. ಹಗಲು ಪಾಳಿಗೆ ಅರ್ಜಿ ಕೊಟ್ಟಿದ್ದಾನೆ, ಮ್ಯಾನೇಜರ್ "ನೋಡೋಣ" ಅಂದಿದ್ದಾರಂತೆ. ನವೆಂಬರ್ ಮತ್ತೆ ಬರ್ತಿದೆ. ಈ ವರ್ಷದ ಆ್ಯನಿವರ್ಸರಿ ಮನೆಯಲ್ಲೇ ಮಾಡೋಣ ಅಂತ ತೀರ್ಮಾನ ಆಗಿದೆ. ಹೋಟೆಲ್‌ಗೆ ಮುಂದಿನ ಆಷಾಢ ಇದ್ದೇ ಇದೆ.