ಮೈಕಿನಲ್ಲಿ 'ಅನ್‌ಸೋಲ್ಡ್' ಅಂದಾಗ

ಹೋದ ವರ್ಷ ನಮ್ಮೂರು ಬೇತಮಂಗಲದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿಗೆ ಹರಾಜು ಇತ್ತು. ಹೌದು, ಈಗ ಊರಿನ ಟೂರ್ನಮೆಂಟಿಗೂ ಹರಾಜೇ. ಆರು ಟೀಮು, ಒಂದೊಂದು ಟೀಮಿಗೆ 10,000 ಪಾಯಿಂಟು, 13 ಆಟಗಾರರು, ಕನಿಷ್ಠ ಬೆಲೆ 200. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಾನೆ, ಲೆಕ್ಕ ಚೆನ್ನಾಗಿ ಗೊತ್ತಿರುತ್ತೆ ಅಂತ ನಮ್ಮ ಟೀಮಿನವರು ನನ್ನನ್ನ ಟೇಬಲ್ ಮುಂದೆ ಕೂರಿಸಿದರು. ಶುಕ್ರವಾರ ರಾತ್ರಿ ರೈಲಲ್ಲಿ ಬಂಗಾರಪೇಟೆಗೆ ಬರುವಾಗಲೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ರೆಡಿ ಮಾಡಿಕೊಂಡಿದ್ದೆ.

ಆ ಶೀಟು ಹತ್ತು ನಿಮಿಷವೂ ಬಾಳಲಿಲ್ಲ. ಬಂಗಾರಪೇಟೆ ಕಡೆಯ ಒಬ್ಬ ಬ್ಯಾಟ್ಸ್‌ಮನ್ ಹೆಸರು ಬಂತು. ಎದುರು ಟೇಬಲಿನವರು ಕೈ ಎತ್ತಿದರು, ನಾನೂ ಎತ್ತಿದೆ. ಹಿಂದಿನಿಂದ ಹುಡುಗರು ಕೂಗ್ತಿದ್ದಾರೆ, ಬಿಡೋದು ಹೇಗೆ? 5,400ಕ್ಕೆ ನಮ್ಮವನಾದ. ಆಮೇಲೆ ಒಬ್ಬ ಆಲ್‌ರೌಂಡರಿಗೆ 1,800. ಕೈಯಲ್ಲಿ ಉಳಿದದ್ದು 2,800, ತುಂಬಬೇಕಾದದ್ದು ಇನ್ನೂ 11 ಜಾಗ. ಅಂದರೆ ಉಳಿದವರೆಲ್ಲ ಹೆಚ್ಚುಕಡಿಮೆ ಕನಿಷ್ಠ ಬೆಲೆಗೇ ಸಿಗಬೇಕು.

ಕೊನೆಯ ಜಾಗ ಬಂದಾಗ ಎರಡು ಹೆಸರು ಇದ್ದವು. ಒಂದು 19 ವರ್ಷದ ಹುಡುಗ, ಜೋರಾಗಿ ಬೌಲ್ ಮಾಡ್ತಾನೆ ಅಂತ ಸುದ್ದಿ. ಇನ್ನೊಂದು ನನ್ನ ಗೆಳೆಯ. ಹೈಸ್ಕೂಲಿನಿಂದ ಜೊತೆಗೇ ಆಡಿದವನು, ನಿಧಾನ ಸ್ಪಿನ್. ನನಗೆ ಬ್ಯಾಟ್ ಹಿಡಿಯೋದು ಕಲಿಸಿದ್ದೇ ಅವನು. ಈಗ ಹಾಲಿನ ಗಾಡಿ ಓಡಿಸ್ತಾನೆ. ನಾನು ಹುಡುಗನಿಗೆ ಕೈ ಎತ್ತಿದೆ. ಗೆಳೆಯನ ಹೆಸರು ಎರಡು ಸಲ ಕೂಗಿದರು, ಯಾರೂ ಮಾತಾಡಲಿಲ್ಲ. ಮೈಕಿನಲ್ಲಿ 'ಅನ್‌ಸೋಲ್ಡ್' ಅಂದರು. ಅವನು ಅಲ್ಲೇ ಶಾಮಿಯಾನದ ಕೆಳಗೆ ನಿಂತಿದ್ದ. ಐದು ನಿಮಿಷ ಬಿಟ್ಟು ಎಲ್ಲರಿಗೂ ಟೀ ತಂದುಕೊಟ್ಟ, ನನಗೂ.

ಆ ರಾತ್ರಿ ನಿದ್ದೆ ಬರಲಿಲ್ಲ. ಫೋನ್ ತೆಗೆದು ಹಳೇ ಐಪಿಎಲ್ ಹರಾಜುಗಳನ್ನು ಓದುತ್ತಾ ಕೂತೆ. ನನ್ನ ತಪ್ಪು ಹೊಸದೇನಲ್ಲ, ನಮ್ಮ ಆರ್‌ಸಿಬಿ ಅದನ್ನೇ ವರ್ಷಗಟ್ಟಲೆ ಮಾಡಿತ್ತು ಅಂತ ಗೊತ್ತಾಗಿ ಸ್ವಲ್ಪ ಸಮಾಧಾನ ಆಯ್ತು.

ಟೀಮು ಕಟ್ಟೋಕೆ ಜಗತ್ತಿನಲ್ಲಿ ಮುಖ್ಯವಾಗಿ ಎರಡು ದಾರಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಎರಡೂ ಇವೆ. ಒಂದು ಡ್ರಾಫ್ಟ್: ಹೊಸ ಹುಡುಗರನ್ನು ಟೀಮುಗಳು ಸರದಿಯಂತೆ ಆರಿಸಿಕೊಳ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ಟೀಮುಗಳಿಗೆ ಲಾಟರಿಯಲ್ಲಿ ಮೊದಲ ಸರದಿ ಸಿಗುವ ಅವಕಾಶ ಜಾಸ್ತಿ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಸಂಬಳ ಕ್ರಮಾಂಕದ ಪ್ರಕಾರ ಮೊದಲೇ ನಿಗದಿ. ಇನ್ನೊಂದು ಫ್ರೀ ಏಜೆನ್ಸಿ: ಒಪ್ಪಂದ ಮುಗಿದ ಆಟಗಾರ ತನಗಿಷ್ಟವಾದ ಟೀಮಿಗೆ ಹೋಗಬಹುದು, ಆದರೆ ಅವನಿಗೆ ಮಾರುಕಟ್ಟೆ ಬೆಲೆ ಕೊಡಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮೊದಲನೆಯದು ಕ್ಯಾಂಪಸ್ ಪ್ಲೇಸ್‌ಮೆಂಟ್, ಎರಡನೆಯದು ಕಂಪನಿ ಸ್ವಿಚ್.

ಡ್ರಾಫ್ಟಿನಲ್ಲಿ ಸರಿಯಾಗಿ ಆರಿಸಿದವನಿಗೆ ಲಾಭ ಎರಡು ಪಟ್ಟು. ಒಳ್ಳೆ ಆಟಗಾರ ಕಡಿಮೆ ಸಂಬಳಕ್ಕೆ ಸಿಗ್ತಾನೆ, ಉಳಿದ ದುಡ್ಡಲ್ಲಿ ಬೇರೆಯವರನ್ನು ತರಬಹುದು. ಡೆನ್ವರ್ ಟೀಮು 2014ರಲ್ಲಿ ನಿಕೊಲಾ ಯೋಕಿಚ್ ಅನ್ನೋ ಸರ್ಬಿಯಾದ ಹುಡುಗನನ್ನು ಆರಿಸಿದ್ದು 41ನೇ ಸರದಿಯಲ್ಲಿ. ಮುಂದೆ ಅವನು ಮೂರು ಸಲ ಲೀಗಿನ ಶ್ರೇಷ್ಠ ಆಟಗಾರನಾದ, 2023ರಲ್ಲಿ ಡೆನ್ವರ್‌ಗೆ ಮೊದಲ ಕಪ್ ಗೆದ್ದುಕೊಟ್ಟ.

ಐಪಿಎಲ್‌ನಲ್ಲಿ ಡ್ರಾಫ್ಟ್ ಎಲ್ಲಿದೆ ಅಂತೀರಾ? 2008ರಲ್ಲಿ ಒಂದು ಸಲ ನಡೆದಿತ್ತು. ದೊಡ್ಡ ಹರಾಜಿನಲ್ಲಿ ಆರ್‌ಸಿಬಿ ಜಾಕ್ ಕಾಲಿಸ್‌ಗೆ 9 ಲಕ್ಷ ಡಾಲರ್ ಕೊಟ್ಟಿತು. ರಾಹುಲ್ ದ್ರಾವಿಡ್ ಐಕಾನ್ ಆಟಗಾರ, ಅನಿಲ್ ಕುಂಬ್ಳೆಗೆ 5 ಲಕ್ಷ ಡಾಲರ್. ಅದಾದ ಮೇಲೆ, ಆಗತಾನೇ ವಿಶ್ವಕಪ್ ಗೆದ್ದು ಬಂದಿದ್ದ ಅಂಡರ್-19 ಹುಡುಗರನ್ನು ಸರದಿ ಪ್ರಕಾರ ಹಂಚಿದರು. ಡೆಲ್ಲಿಯವರು ತಮ್ಮೂರಿನ ಎಡಗೈ ವೇಗಿ ಪ್ರದೀಪ್ ಸಂಗ್ವಾನ್‌ನನ್ನು ತಗೊಂಡರು. ಅದೇ ಊರಿನ ಇನ್ನೊಬ್ಬ ಹುಡುಗ 30 ಸಾವಿರ ಡಾಲರಿಗೆ ಬೆಂಗಳೂರಿಗೆ ಬಂದ. ಅವನ ಹೆಸರು ವಿರಾಟ್ ಕೊಹ್ಲಿ.

ಆ ವರ್ಷ ಲಕ್ಷಗಟ್ಟಲೆ ಡಾಲರಿನ ಟೀಮು ಎಂಟರಲ್ಲಿ ಏಳನೆಯದಾಯಿತು. 30 ಸಾವಿರದ ಹುಡುಗ ಮಾತ್ರ ಇವತ್ತಿಗೂ ಹರಾಜು ಟೇಬಲಿಗೆ ಹೋಗೇ ಇಲ್ಲ.

ಆರ್‌ಸಿಬಿ ಬೇರೆ ಒಳ್ಳೆ ಆಯ್ಕೆಗಳನ್ನೂ ಮಾಡಿತ್ತು, ಆದರೆ ಅವು ಹೆಚ್ಚಾಗಿ ಹರಾಜಿನ ಹೊರಗೆ ಆದವು. 2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಸ್ ಗಾಯಗೊಂಡಾಗ ಬದಲಿಯಾಗಿ ಬಂದವನು 12 ಪಂದ್ಯಗಳಲ್ಲಿ 608 ರನ್ ಹೊಡೆದ. ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಅನ್‌ಸೋಲ್ಡ್. ನಮ್ಮ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ 20 ಲಕ್ಷಕ್ಕೆ ಬದಲಿಯಾಗಿ ಬಂದ. ಅದೇ ಮೇ 25ರಂದು ಈಡನ್ ಗಾರ್ಡನ್ಸ್‌ನಲ್ಲಿ, ಎಲಿಮಿನೇಟರಿನಲ್ಲಿ, ಔಟಾಗದೆ 112.

ತಪ್ಪುಗಳೂ ಕಡಿಮೆ ಇರಲಿಲ್ಲ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ. ಕೆ.ಎಲ್. ರಾಹುಲ್ ಐಪಿಎಲ್ ಶುರು ಮಾಡಿದ್ದೇ ಆರ್‌ಸಿಬಿಯಲ್ಲಿ, ಅವನನ್ನು ಉಳಿಸಿಕೊಳ್ಳಲಿಲ್ಲ, 2018ರಲ್ಲಿ 11 ಕೋಟಿಗೆ ಪಂಜಾಬ್ ಪಾಲಾದ. 2025ರ ಏಪ್ರಿಲ್‌ನಲ್ಲಿ ಅವನು ಡೆಲ್ಲಿ ಪರ ಚಿನ್ನಸ್ವಾಮಿಯಲ್ಲೇ 93 ಹೊಡೆದು, ನೆಲದ ಮೇಲೆ 'ಕಾಂತಾರ' ಸ್ಟೈಲಿನಲ್ಲಿ ಬ್ಯಾಟಿನಿಂದ ಗುಂಡಗೆ ಗೆರೆ ಎಳೆದಾಗ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಪಾಠ ಕಲಿತದ್ದು ಕಾಣಿಸಿದ್ದು 2024ರ ನವೆಂಬರಿನ ಜೆದ್ದಾ ಹರಾಜಿನಲ್ಲಿ. ಎಲ್ಲರಿಗೂ 120 ಕೋಟಿ. ಕೊಹ್ಲಿ 21, ಪಾಟೀದಾರ್ 11, ಯಶ್ ದಯಾಳ್ 5 ಕೋಟಿಗೆ ಉಳಿದರು. ಕೈಯಲ್ಲಿ 83 ಕೋಟಿ. ಲಖನೌ ರಿಷಭ್ ಪಂತ್‌ಗೆ 27 ಕೋಟಿ, ಪಂಜಾಬ್ ಶ್ರೇಯಸ್ ಅಯ್ಯರ್‌ಗೆ 26.75 ಕೋಟಿ ಸುರಿದವು. ಆರ್‌ಸಿಬಿಯ ಅತಿ ದುಬಾರಿ ಖರೀದಿ ಹೇಜಲ್‌ವುಡ್, 12.50 ಕೋಟಿ. ಸಾಲ್ಟ್ 11.50, ಜಿತೇಶ್ 11, ಭುವನೇಶ್ವರ್ 10.75, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3. ಸ್ಟಾರ್ ಎಲ್ಲಿ ಅಂತ ನಾವೇ ವಾಟ್ಸಾಪ್ ಗ್ರೂಪಿನಲ್ಲಿ ಬೈದಿದ್ವಿ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಇದೇ ಟೀಮು ಪಂಜಾಬನ್ನು 6 ರನ್ನಿಂದ ಸೋಲಿಸಿತು. ಪಂದ್ಯಶ್ರೇಷ್ಠ 17 ರನ್ನಿಗೆ 2 ವಿಕೆಟ್ ತೆಗೆದ ಕೃಣಾಲ್. ಕಪ್ ಎತ್ತಿದ ಕ್ಯಾಪ್ಟನ್, ಮೂರು ವರ್ಷದ ಹಿಂದೆ ಅನ್‌ಸೋಲ್ಡ್ ಆಗಿದ್ದ ಪಾಟೀದಾರ್.

ಹರಾಜಿನಲ್ಲಿ ಕೈ ಎತ್ತುವಾಗ ನಾವು ಒಬ್ಬನನ್ನು ಕೊಳ್ತಿದ್ದೀವಿ ಅಂದುಕೊಳ್ತೀವಿ. ನಿಜವಾಗಿ ಆ ಬೆಲೆಯಲ್ಲಿ ಇನ್ನು ಯಾರನ್ನೆಲ್ಲ ಕೊಳ್ಳಲಾರೆವು ಅನ್ನೋದನ್ನೂ ಆಗಲೇ ತೀರ್ಮಾನ ಮಾಡಿರ್ತೀವಿ. 5,400 ಅಂದ ಕ್ಷಣವೇ ನನ್ನ ಗೆಳೆಯ ಅನ್‌ಸೋಲ್ಡ್ ಆಗಿದ್ದ. ಮೈಕಿನಲ್ಲಿ ಹೇಳಿದ್ದು ಒಂದು ಗಂಟೆ ತಡವಾಗಿ, ಅಷ್ಟೇ.

ಟೂರ್ನಮೆಂಟ್ ಎರಡನೇ ದಿನ ನಮ್ಮ ಒಬ್ಬ ಹುಡುಗನ ಕಾಲು ಉಳುಕಿತು. ಗೆಳೆಯನಿಗೆ ಫೋನ್ ಮಾಡಿದೆ. ಏನು ಹೇಳಬೇಕೋ ಗೊತ್ತಾಗದೆ 'ರೀಪ್ಲೇಸ್‌ಮೆಂಟ್ ಬೇಕಿತ್ತು' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬೆಳಗ್ಗೆ ಹಾಲಿನ ಗಾಡಿ ಐತೆ ಮಗಾ. ಮ್ಯಾಚ್ ಎಷ್ಟೊತ್ತಿಗೆ?"

"ಹನ್ನೊಂದಕ್ಕೆ."

"ಹತ್ತೂವರೆಗೆ ಬತ್ತೀನಿ. ಇನ್ನೊಂದ್ಸಲ ನಂಗೆ ಕೈ ಎತ್ತಲ್ಲ ಅಂದ್ರೆ ಮೊದ್ಲೇ ಹೇಳ್ಬಿಡು, ನಾನು ಅಲ್ಲಿಗೆ ಬರಾಕಿಲ್ಲ."

ಬಂದ. ಎರಡು ಓವರ್ ಹಾಕಿ 11 ರನ್ ಕೊಟ್ಟ, ವಿಕೆಟ್ ಇಲ್ಲ. ನಾವು ಆ ಮ್ಯಾಚ್ ಗೆದ್ವಿ, ಸೆಮಿಫೈನಲ್ ಸೋತ್ವಿ. 5,400ರ ಬ್ಯಾಟ್ಸ್‌ಮನ್ ಸೆಮಿಫೈನಲಿನಲ್ಲಿ 6 ರನ್ನಿಗೆ ಔಟಾದ. ಅವನ ತಪ್ಪಲ್ಲ, ಆಟ ಅಂದ್ರೆ ಹಂಗೇ. ಅವನ ಹಿಂದೆ ಆಡುವವರು ಇರಲಿಲ್ಲ, ಅದು ನನ್ನ ತಪ್ಪು.

ಈ ವರ್ಷ ಪ್ರತಿ ಟೀಮು ಇಬ್ಬರನ್ನು ಉಳಿಸಿಕೊಳ್ಳಬಹುದು ಅಂತ ಹೊಸ ನಿಯಮ ಬಂದಿದೆ. ನಾನು ಎರಡು ಹೆಸರು ಕೊಟ್ಟಾಯ್ತು: ಆ 19 ವರ್ಷದ ಹುಡುಗ, ಮತ್ತೆ ನನ್ನ ಗೆಳೆಯ. ಟೀಮಿನಲ್ಲಿ ಕೆಲವರು ನಕ್ಕರು. ಗೆಳೆಯನಿಗೆ ವಿಷಯ ಹೇಳಿದಾಗ ಅವನು ಏನೂ ಅನ್ನಲಿಲ್ಲ. ಆದರೆ ಮಾರನೇ ದಿನದಿಂದ ಹಾಲಿನ ಗಾಡಿ ಕೆಲಸ ಮುಗಿಸಿಕೊಂಡು ಹುಡುಗನನ್ನ ನೆಟ್ಸಿಗೆ ಕರಕೊಂಡು ಹೋಗ್ತಿದ್ದಾನಂತೆ.