ಪಡಸಾಲೆಯ ತೂಗುದೀಪ

ನಮ್ಮ ದೇವಣಗಾಂವದ ಓಣಿಯಲ್ಲಿ ಹಳೆಯ ತೊಲೆಮನೆಗಳು ಈಗ ಎಣಿಸುವಷ್ಟೇ ಉಳಿದಿವೆ. ಅಂಥದ್ದೊಂದು ಮನೆಯ ಖಾಲಾ ಕಳೆದ ವಾರ ನನ್ನನ್ನು ಕರೆಸಿದರು. ಪಡಸಾಲೆಯಲ್ಲಿ ಮೂರು ಹಿತ್ತಾಳೆ ಸರಪಳಿಗಳಿಂದ ತೂಗುವ ಗಾಜಿನ ದೀಪ, ಅವರ ಅತ್ತೆಯ ಕಾಲದ್ದು. ಮಗಳ ನಿಕಾಹ್ ಖರ್ಚಿಗಾಗಿ ಅದನ್ನು ಮಾರುವ ಯೋಚನೆ. ಗುಜರಿಯವನೊಬ್ಬ ಬಂದು, "ಇದು ಡುಪ್ಲಿಕೇಟ್, ಹಿತ್ತಾಳೆ ತೂಕದ ರೇಟು ಕೊಡ್ತೀನಿ" ಎಂದನಂತೆ. ಎರಡು ದಿನ ಬಿಟ್ಟು ಬಂದ ಇನ್ನೊಬ್ಬ, "ಆದಿಲ್‌ಶಾಹಿ ಕಾಲದ್ದು, ಯಾರಿಗೂ ಕೊಡಬ್ಯಾಡ್ರಿ" ಎಂದು ಮುಂಗಡ ಇಟ್ಟು ಹೋಗಿದ್ದಾನೆ.

"ನೀ ಬಿ.ಎ. ಓದೀದಿ. ಯಾರ ಮಾತು ಖರೆ, ನೋಡಿ ಹೇಳ ಬೇಟಿ" ಎಂದರು ಖಾಲಾ.

ಬಿ.ಎ.ಯಲ್ಲಾಗಲಿ ಮದ್ರಸದಲ್ಲಾಗಲಿ ದೀಪದ ಪಾಠ ಇರಲಿಲ್ಲ. ಆದರೆ ನಮ್ಮ ಅಬ್ಬಾ ಮದುವೆ ಮನೆಗಳಿಗೆ ಗ್ಯಾಸ್‌ಬತ್ತಿ ಬಾಡಿಗೆಗೆ ಕೊಡುತ್ತಿದ್ದರು. ಬರ್ನರ್, ಗಾಜು, ತಿರುಪುಗಳ ನಡುವೆಯೇ ನಾನು ಬೆಳೆದದ್ದು.

ಎರಡನೆಯವನ ಮಾತು ಮೊದಲು ಬಿದ್ದುಹೋಯಿತು. ಆದಿಲ್‌ಶಾಹಿ ಆಳ್ವಿಕೆ ಮುಗಿದದ್ದು 1686ರಲ್ಲಿ. ಈ ದೀಪಕ್ಕಿರುವುದು ಸೀಮೆಎಣ್ಣೆ ಬರ್ನರ್. ಸೀಮೆಎಣ್ಣೆ ದೀಪ ಜಗತ್ತಿನಲ್ಲಿ ಬಳಕೆಗೆ ಬಂದದ್ದೇ 1850ರ ದಶಕದಲ್ಲಿ. ಬತ್ತಿ ಏರಿಸುವ ತಿರುಗಣೆಯ ಮೇಲೆ 'ಮೇಡ್ ಇನ್ ಜರ್ಮನಿ' ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಪರದೇಶದ ಸರಕಿನ ಮೇಲೆ ಹೀಗೆ ದೇಶದ ಹೆಸರು ಒತ್ತುವ ರೂಢಿ ಬೆಳೆದದ್ದು 1887ರ ಬ್ರಿಟಿಷ್ ಕಾನೂನಿನ ನಂತರ. 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರಿಂದ 1990ರ ನಡುವಿನದು. 'ಚೆಕೊಸ್ಲೊವಾಕಿಯಾ' ಎಂದಿದ್ದರೆ 1918ಕ್ಕಿಂತ ಹಳೆಯದಲ್ಲ.

ಹಾಗಾದರೆ ಗುಜರಿಯವನದ್ದು ಖರೆಯೇ? ಅದೂ ಅಲ್ಲ. ಸರಪಳಿಯ ಕೊಂಡಿಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ಮಾತ್ರ ಸವೆದು ತೆಳ್ಳಗಾಗಿದ್ದವು. ಮೊರಾದಾಬಾದಿನಂಥ ಊರುಗಳಿಂದ ಹಳೆಯ ಮಾದರಿಯ ಹೊಸ ಹಿತ್ತಾಳೆ ಸಾಮಾನು ರಾಶಿರಾಶಿ ಬರುತ್ತದೆ. ಅದಕ್ಕೆ ಔಷಧಿ ಹಚ್ಚಿ ಕಪ್ಪು ಮಾಡಿದ್ದರೆ ಬಣ್ಣ ಎಲ್ಲ ಕಡೆ ಒಂದೇ ಸಮನಿರುತ್ತದೆ. ನಿಜವಾದ ಹಳೆಯದು ಕೈ ತಾಗುವಲ್ಲಿ ಹೊಳೆಯುತ್ತದೆ, ಸಂದಿಯಲ್ಲಿ ಕಪ್ಪಾಗಿರುತ್ತದೆ. ಆದ್ದರಿಂದಲೇ ಮಾರುವ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು, ಸಾಕ್ಷಿಯೆಲ್ಲ ತೊಳೆದುಹೋಗುತ್ತದೆ. ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಒಳಗೆ ಕಬ್ಬಿಣ ಇಲ್ಲವೆಂದು ಅದರಿಂದ ಗೊತ್ತಾಯಿತು, ಅಷ್ಟೇ; ವಯಸ್ಸು ಗೊತ್ತಾಗದು. ಇನ್ನು ಕೊಂಡಿಗಳ ಸಂದಿಯ ಮಣ್ಣು ನೋಡಿ ನಾನೇ ಮೋಸ ಹೋಗುತ್ತಿದ್ದೆ. ಅದು 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ದೀಪ ಇಳಿಸಿಟ್ಟಿದ್ದ ಟ್ರಂಕಿಗೆ ನುಗ್ಗಿದ ಕೆಸರು!

ಗಾಜಿನ ಬುರುಡೆಯ ಮೇಲೆ ಮಾತ್ರ ಅನುಮಾನ ಬಂತು. ಹಿತ್ತಾಳೆ ಬಳೆಯೊಳಗೆ ಅದು ಸರಿಯಾಗಿ ಕೂತಿರಲಿಲ್ಲ, ಸಂದಿಗೆ ಬಟ್ಟೆ ತುರುಕಿದ್ದರು. ಒಂದು ಗುಳ್ಳೆಯಿಲ್ಲ, ಎಲ್ಲ ಕಡೆ ಒಂದೇ ದಪ್ಪ. ಕೇಳಿದಾಗ ಖಾಲಾ ನೆನಪಿಸಿಕೊಂಡರು: "ಹೌದಲ್ಲ! ನಾ ಮದುವಿಯಾಗಿ ಬಂದ ವರ್ಷ ಹಳೇದು ಒಡೀತು. ಮಾವ ಸೊಲ್ಲಾಪುರದಿಂದ ಬ್ಯಾರೆ ತಂದ್ರು."

ನಮ್ಮ ದೇಶದ 1972ರ ಕಾನೂನಿನಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು ಎನಿಸುತ್ತದೆ. ಅದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಬಂದವನ ಲೈಸೆನ್ಸ್ ಕೇಳಿ ನೋಡಿ ಎಂದೆ.

ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಾಜು ಹೊಸದು ಅಂದ್ರ ಅವ ರೇಟು ಇಳಸ್ತಾನಲ್ಲ?" ಎಂದರು. ನಾನು ಏನೂ ಹೇಳಲಿಲ್ಲ. ಒಳಗೆ ಒದ್ದೆಯಾದ ಧಾನ್ಯವನ್ನು ಒಣರಾಶಿಯ ಕೆಳಗೆ ಮುಚ್ಚಿಟ್ಟ ವ್ಯಾಪಾರಿಯ ಹದೀಸನ್ನು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವರೇ ಅವರು. ಕೊನೆಗೆ ತಾವೇ ಫೋನ್ ತರಿಸಿ ಅವನಿಗೆ ಎಲ್ಲ ಹೇಳಿದರು.

ಅವನು ನಕ್ಕನಂತೆ. ಗಾಜು ಹೊಸದೆಂದು ಮೊದಲೇ ಗೊತ್ತಿತ್ತಂತೆ, ಅವನಿಗೆ ಬೇಕಾದದ್ದು ಬರ್ನರು ಮತ್ತು ಸರಪಳಿ. ಲೈಸೆನ್ಸ್ ತೆಗೆದುಕೊಂಡು ಶುಕ್ರವಾರ ಬರುತ್ತೇನೆಂದಿದ್ದಾನೆ. ಅಲ್ಲಿಯವರೆಗೆ ಖಾಲಾ ಹುಣಸೆಹಣ್ಣು ನೆನೆಹಾಕದಿದ್ದರೆ ಸಾಕು.